ಲೆಟ್ಯೂಸ್ ಬೀಜ ಸತ್ತಿಲ್ರೀ, ಮಲಗ್ಯಾವ

ಅಕ್ಕಾರ, ಕಲಬುರಗಿಯ ಮಾಳಿಗಿ ಮ್ಯಾಲೆ ಏಪ್ರಿಲ್‌ನಾಗ ಮಣ್ಣಿಲ್ಲದ ಬರೇ ನೀರಿನಾಗ ಬೆಳಸಾಕಂತ ಎರಡು ಸಲ ಸ್ಪಂಜಿನಾಗ ಲೆಟ್ಯೂಸ್ (ಸಲಾಡಿನ ಸೊಪ್ಪು) ಬೀಜ ಹಾಕಿದ್ರೂ ಒಂದೂ ಮೊಳೀಲಿಲ್ಲ, ಅಂಗಡ್ಯಾವ ಹಳೇ ಬೀಜ ಕೊಟ್ಟನೇನು ಅಂತ ಕೇಳೀರಿ. ಅವನ್ನ ಬೈಯೂದು ಸ್ವಲ್ಪ ತಡೀರಿ. ಲೆಟ್ಯೂಸ್ ಬೀಜ 30 ಡಿಗ್ರಿ ದಾಟಿದ್ರ ನೀರು ಕುಡಿದ ಮ್ಯಾಲೂ ಮಲಗೇ ಬಿಡ್ತದ. ನಮ್ಮಲ್ಲಿ ಆ ತಿಂಗಳು ನೆರಳಿನಾಗೇ 40 ಇರ್ತದ!

ನಾನೂ ಮೊದಲ ವರ್ಷ ಹಿಂಗೇ ಅರ್ಧ ಪಾಕೀಟು ಕಳಕೊಂಡೆ. ಈಗ ಟಿಶ್ಯೂ ಕಾಗದ ತೊಯ್ಸಿ, ನೀರು ಸೋರದಂಗ ಹಿಂಡಿ, ಅದರ ಮ್ಯಾಲೆ ಬೀಜ ಹರವಿ, ಡಬ್ಬಿ ಮುಚ್ಚಿ ಎರಡು ದಿನ ಫ್ರಿಜ್‌ನಾಗ ಇಡ್ತೀನಿ. ಆಮ್ಯಾಲೆ ಅಡಿಗಿ ಮನಿಯಾಗ, ಕುಡಿಯೂ ನೀರಿನ ಮಣ್ಣಿನ ಕೊಡದ ಬಾಜೂಕ. ಒಂದೆರಡು ದಿನಕ್ಕ ಎಳ್ಳಿನ ಚೂಪಿನಷ್ಟು ಬಿಳಿ ಮೂತಿ ಹೊರಗ ಬರ್ತದ. ಆಗ ಚಿಮಟಿಗಿಲೆ ಎತ್ತಿ ಸ್ಪಂಜಿಗೆ. ಆಳಕ್ಕ ತುರುಕಬ್ಯಾಡ್ರಿ, ಅದಕ್ಕ ಬೆಳಕು ಬೇಕು.

ಆದ್ರ ಖರೇ ಹೇಳಬೇಕಂದ್ರ, ಮೊಳಕಿ ಬಂದ್ರೂ ಮುಂದಿನ ಕಥಿ ಕಷ್ಟ ಅದ. ಬೇರು ಟಬ್ಬಿನ ನೀರಿನಾಗೇ ಇರ್ತಾವ, ಅವಕ್ಕ ಆ ನೀರಿನಾಗಿನ ಆಮ್ಲಜನಕ ಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡೀತದ, 35 ಡಿಗ್ರಿಯಾಗ 7 ಅಷ್ಟ. ಮಾಳಿಗಿ ಮ್ಯಾಲಿನ ಟಬ್ಬು ಮಧ್ಯಾಹ್ನ ಸ್ನಾನದ ನೀರಾಗ್ತದ. ಬೇರು ಕಂದಾಗಿ ಲೋಳಿ ಹಿಡೀತಾವ. ಏರ್ ಪಂಪ್ ಹಾಕಿ, ಗೋಣಿಚೀಲ ಸುತ್ತಿ ನೋಡೀನಿ, ಹೆಚ್ಚಿಗೇನೂ ಉಪಯೋಗ ಆಗಲಿಲ್ಲ.

ಉಳಿದ ಪಾಕೀಟು ಗಾಳಿ ಆಡದ ಡಬ್ಬಿಯಾಗ ಹಾಕಿ ಫ್ರಿಜ್‌ನಾಗ ಇಟ್ಟು, ನವೆಂಬರ್‌ಗೆ ತೆಗೀರಿ. ಅಲ್ಲೀತನ ಮಣ್ಣಿನ ಕುಂಡದಾಗ ಪುಂಡಿಪಲ್ಯ, ರಾಜಗಿರಿ ಹಾಕ್ರಿ. ಅವಕ್ಕ ನಮ್ಮ ಬಿಸಿಲು ಅಂದ್ರ ಭಾಳ ಪ್ರೀತಿ.