ಕಾಯಿಸಿದ ನೀರಿನಿಂದ ಪಾದರಸ ಹೋಗುವುದೇ?

ಪ್ರಶ್ನೆ: ಬ್ರೆಜಿಲ್‌ನ ಯಾನೊಮಾಮಿ ಮೂಲನಿವಾಸಿಗಳ ನದಿಗಳು ಚಿನ್ನದ ಗಣಿಗಾರಿಕೆಯಿಂದ ಕೆಟ್ಟಿವೆ ಎಂದು ಓದಿದೆ. ಮಳೆಗಾಲದಲ್ಲಿ ನಾವು ಮಾಡುವಂತೆ ಅವರೂ ಕೆಂಪು ನೀರನ್ನು ತಿಳಿಯಾಗಲು ಬಿಟ್ಟು, ಕಾಯಿಸಿ ಕುಡಿದರೆ ಸಾಲದೇ?
— ಓದುಗರೊಬ್ಬರು, ಕುಮಟಾ

ಉತ್ತರ: ಸಾಲದು. ಆಷಾಢದಲ್ಲಿ ಅಘನಾಶಿನಿ ಕೆಂಪಾಗುವುದು ಮಣ್ಣಿನಿಂದ. ಆ ಮಣ್ಣು ಕೊಡದ ತಳಕ್ಕೆ ಇಳಿಯುತ್ತದೆ, ಕಾಯಿಸಿದರೆ ರೋಗಾಣು ಸಾಯುತ್ತದೆ. ಯಾನೊಮಾಮಿಗಳ ನದಿಯಲ್ಲಿ ಕೆಸರಿನೊಂದಿಗೆ ಪಾದರಸವೂ ಇದೆ, ಮತ್ತು ಅದು ಅವರ ದೇಹವನ್ನು ಮುಖ್ಯವಾಗಿ ಸೇರುವುದು ಕುಡಿಯುವ ನೀರಿನಿಂದಲ್ಲ, ಮೀನಿನಿಂದ.

ಪಾದರಸ ತಗುಲಿದ ಚಿನ್ನದ ಬಳೆ ಬೆಳ್ಳಗಾಗುವುದನ್ನು ನಮ್ಮ ಅಕ್ಕಸಾಲಿಗರು ಬಲ್ಲರು. ಗಣಿಗಾರರು ಬಳಸಿಕೊಳ್ಳುವುದೂ ಈ ಗುಣವನ್ನೇ: ನದೀದಂಡೆಯ ಮಣ್ಣನ್ನು ಪಂಪಿನ ನೀರಿನಿಂದ ಕರಗಿಸಿ, ಅದರಲ್ಲಿರುವ ಹುಡಿಯಂಥ ಚಿನ್ನಕ್ಕೆ ಪಾದರಸ ಬೆರೆಸಿ ಉಂಡೆ ಕಟ್ಟುತ್ತಾರೆ. ಉಂಡೆಯನ್ನು ಕಾಸಿದಾಗ ಪಾದರಸ ಆವಿಯಾಗಿ ಹಾರುತ್ತದೆ, ಚಿನ್ನ ಉಳಿಯುತ್ತದೆ. ಹಾರಿದ್ದರಲ್ಲಿ ಒಂದು ಪಾಲು ಮಳೆಯೊಂದಿಗೆ ಮರಳುತ್ತದೆ, ಚೆಲ್ಲಿದ್ದು ನೇರವಾಗಿ ನದಿ ಸೇರುತ್ತದೆ. ಅಲ್ಲಿಯ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮಿಥೈಲ್ ಪಾದರಸವೆಂಬ ವಿಷವಾಗಿ ಮಾರ್ಪಡಿಸುತ್ತದೆ. ನಮ್ಮ ಕಡಲಲ್ಲಿ ತಾರಲೆಯನ್ನು ಇಸ್ವಾಣ ತಿನ್ನುವಂತೆ ಅಲ್ಲಿಯೂ ಸಣ್ಣ ಮೀನನ್ನು ದೊಡ್ಡದು ತಿನ್ನುವಾಗ ಒಂದೊಂದು ಮೆಟ್ಟಿಲಿಗೂ ವಿಷದ ಪ್ರಮಾಣ ಏರುತ್ತದೆ. ಅದು ಮೀನಿನ ಮಾಂಸದಲ್ಲೇ ಬೆರೆತಿರುವುದರಿಂದ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಗರ್ಭಿಣಿ ತಿಂದರೆ ಬಸಿರಿನ ಕೂಸಿನ ಮಿದುಳಿನ ಬೆಳವಣಿಗೆಗೇ ಕುತ್ತು.

ತೊಂದರೆ ಪಾದರಸವೊಂದರದ್ದೇ ಅಲ್ಲ. ಅಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು ಸೊಳ್ಳೆ ಹೆಚ್ಚಿ, ಮಲೇರಿಯಾ ಹಬ್ಬಿತು. ಜ್ವರ ಬಿದ್ದವರು ಹೊಲಕ್ಕೂ ಬೇಟೆಗೂ ಹೋಗಲಾರದೆ ಮಕ್ಕಳು ಹಸಿದರು. 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಅಲ್ಲಿ ಆರೋಗ್ಯ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು. ಸುಮಾರು 96 ಲಕ್ಷ ಹೆಕ್ಟೇರಿನ ಆ ಪ್ರದೇಶ 1992ರಿಂದಲೇ ಕಾನೂನಿನ ಪ್ರಕಾರ ಯಾನೊಮಾಮಿಗಳಿಗೆ ಮೀಸಲು. ಅಲ್ಲಿ ನಡೆದ ಗಣಿಗಾರಿಕೆ ಅಕ್ರಮ ಎಂಬುದನ್ನು ನಮ್ಮ ಪತ್ರಿಕೆಗಳು ಬರೆಯುವಾಗ ಏಕೋ ಮರೆಯುತ್ತವೆ.

ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂದಿದೆ. ಬೇಟೆಮೀನು ಬಿಟ್ಟು ಸೊಪ್ಪು, ಹಣ್ಣು ತಿನ್ನುವ ಮೀನನ್ನು ಆರಿಸಿಕೊಳ್ಳಿ ಎಂಬ ಸಲಹೆಯಿಂದ ಅಲ್ಲಿಯ ತಾಯಂದಿರಿಗೆ ಸ್ವಲ್ಪ ಅನುಕೂಲವಾದೀತು. ಆದರೆ ಬಲೆಗೆ ಬಿದ್ದದ್ದನ್ನೇ ಉಣ್ಣುವ ಮನೆಯಲ್ಲಿ ಆರಿಸಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಗಣಿ ಇಂದೇ ನಿಂತರೂ ನದಿಯ ತಳದಲ್ಲಿ ಈಗಾಗಲೇ ಕುಳಿತಿರುವ ಪಾದರಸ ಹಲವು ವರ್ಷ ಮೀನಿಗೆ ಸೇರುತ್ತಲೇ ಇರುತ್ತದೆ.