ಹೊರಗಿನ ಕರೆ 32 ಸೆಕೆಂಡಿಗೆ ಕಟ್ ಆಗುತ್ತಿದ್ದರೆ

ಒಳಗಿನ ಎಕ್ಸ್‌ಟೆನ್ಶನ್‌ಗಳ ನಡುವೆ ತೊಂದರೆಯಿಲ್ಲ, ಹೊರಗಿನಿಂದ ಬಂದ ಕರೆ ಮಾತ್ರ ಪ್ರತಿ ಸಲ 32 ಸೆಕೆಂಡಿಗೆ ಕಟ್ ಆಗುತ್ತೆ ಅಂದಿದ್ದೀರಿ. ಹಾಗಿದ್ದರೆ ಅನುಮಾನ ಬಹುಪಾಲು ರೂಟರಿನ ಮೇಲೆಯೇ. ನೀವು ಫೋನ್ ಎತ್ತಿದಾಗ ಪಿಬಿಎಕ್ಸ್ (ನಿಮ್ಮ ಎಕ್ಸ್‌ಟೆನ್ಶನ್‌ಗಳನ್ನು ಜೋಡಿಸುವ ಫೋನ್ ವ್ಯವಸ್ಥೆ) ‘200 ಓಕೆ’, ಅಂದರೆ ‘ಫೋನ್ ಎತ್ತಿದ್ದಾರೆ’ ಅನ್ನೋ ಸಂದೇಶ ಕಳಿಸುತ್ತದೆ. ಅದಕ್ಕೆ ಆ ಕಡೆಯಿಂದ ಎಸಿಕೆ, ಅಂದರೆ ‘ಸಿಕ್ಕಿತು’ ಅನ್ನೋ ಉತ್ತರ ಬರಬೇಕು. ಬರದಿದ್ದರೆ 32 ಸೆಕೆಂಡ್ ಕಾದು ಪಿಬಿಎಕ್ಸೇ ಕರೆ ಮುಗಿಸುತ್ತದೆ. ಸಿಪ್ (ಇಂಟರ್‌ನೆಟ್ ಮೂಲಕ ಕರೆ ಜೋಡಿಸುವ ಪದ್ಧತಿ) ನಿಯಮದಲ್ಲೇ ಇರುವ ಲೆಕ್ಕ ಅದು, 500 ಮಿಲಿಸೆಕೆಂಡಿನ 64 ಪಟ್ಟು.

ಮೊದಲು ರೂಟರಿನಲ್ಲಿ ಸಿಪ್ ಎಎಲ್‌ಜಿ (ಸಿಪ್ ಸಂದೇಶಗಳಲ್ಲಿನ ವಿಳಾಸ ತಿದ್ದುವ ಸೌಲಭ್ಯ) ಆಫ್ ಮಾಡಿ, ರೀಸ್ಟಾರ್ಟ್ ಮಾಡಿ. ಹೆಸರಿಗೆ ಅದು ಸಹಾಯಕ್ಕೆ ಇರೋದು, ಕೊಡೋದು ಜಾಸ್ತಿ ಕಾಟವೇ. ಸರಿಹೋಗದಿದ್ದರೆ ಪಿಬಿಎಕ್ಸ್‌ನ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ) ಸೆಟ್ಟಿಂಗ್‌ನಲ್ಲಿ ನಿಮ್ಮ ಪಬ್ಲಿಕ್ ಐಪಿ (ಹೊರಗೆ ಕಾಣುವ ವಿಳಾಸ), ಲೋಕಲ್ ನೆಟ್‌ವರ್ಕ್ ಎರಡೂ ಸರಿ ಇವೆಯಾ ನೋಡಿ. ಸಂದೇಶದ ಕಾಂಟ್ಯಾಕ್ಟ್ ಹೆಡರ್‌ನಲ್ಲಿ (ಮುಂದಿನ ಸಂದೇಶ ಎಲ್ಲಿಗೆ ಕಳಿಸಬೇಕು ಅಂತ ಹೇಳುವ ಸಾಲು) 192.168 ಅಂತ ಶುರುವಾಗುವ ಒಳಗಿನ ವಿಳಾಸ ಹೊರಗೆ ಹೋದರೆ ಎಸಿಕೆ ನಿಮ್ಮವರೆಗೆ ಬರುವುದೇ ಇಲ್ಲ.

ಆಮೇಲೂ ಕಟ್ ಆದರೆ ಸಿಪ್ ಟ್ರೇಸ್ (ಹೋಗಿಬರುವ ಸಂದೇಶಗಳ ದಾಖಲೆ) ಹಾಕಿ. ಅದೇ 200 ಓಕೆ ಮತ್ತೆ ಮತ್ತೆ ಹೋಗುತ್ತಿದ್ದರೆ ಇದೇ ಕಾಯಿಲೆ. ಎಸಿಕೆ ಬಂದೂ ಕಟ್ ಆಗುತ್ತಿದ್ದರೆ ನನ್ನ ಊಹೆ ತಪ್ಪು. ಆಗ ‘ಬೈ’ (ಕರೆ ಮುಗಿಸುವ ಸಂದೇಶ) ಯಾವ ಕಡೆಯಿಂದ ಬಂತು ನೋಡಿ. ಟ್ರಂಕ್ (ಹೊರಗಿನ ಕರೆಗಳು ಬರುವ ಲೈನ್) ಕಡೆಯಿಂದಾದರೆ ಆ ಟ್ರೇಸನ್ನೇ ಟ್ರಂಕ್ ಕೊಟ್ಟವರಿಗೆ ಕಳಿಸಿ ಕಾರಣ ಕೇಳಿ.