ಹಣ್ಣಿನ ಮೇಲೆ ಜಿರಳೆ ಯಾಕೆ?

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯ ಮುಖಪುಟದ ಅನಾನಸ್ ಜಲವರ್ಣ ಚಿತ್ರ ಚೆನ್ನಾಗಿತ್ತು. ಆದರೆ ಅಷ್ಟು ಚಂದದ ಹಣ್ಣಿಗೆ ಜಿರಳೆ ಯಾಕೆ? ಅಷ್ಟಕ್ಕೂ ಹೂವು, ಹಣ್ಣು ಬರೆಯೋದು ಮನೆ ಹೆಂಗಸರು ಬಿಡುವಿನಲ್ಲಿ ಮಾಡುವ ಕೆಲಸ ಅಲ್ವಾ? ಮುಖಪುಟಕ್ಕೆ ಏರಿಸುವಂಥದ್ದೇನಿದೆ?”

ಸಂಪಾದಕರ ಉತ್ತರ:

ಜಿರಳೆಯಿಂದಲೇ ಶುರು ಮಾಡುತ್ತೇನೆ. ಈ ಚಿತ್ರ ಬರೆದ ಮರಿಯಾ ಸಿಬಿಲ್ಲಾ ಮೆರಿಯನ್‌ಗೆ ಹಣ್ಣಿನಷ್ಟೇ ಹುಳುವೂ ಮುಖ್ಯ. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಬಟ್ಟೆ, ಊಟ ಎಲ್ಲವನ್ನೂ ಹಾಳು ಮಾಡುತ್ತಿದ್ದ ಜಿರಳೆಗಳನ್ನು ಆಕೆ ಕೂತು ಗಮನಿಸಿದರು. ಅದರ ಮೊಟ್ಟೆ ಚೀಲ, ಮರಿ, ರೆಕ್ಕೆ ಬಂದ ದೊಡ್ಡ ಜಿರಳೆ, ಇವನ್ನು ಒಟ್ಟಿಗೆ ಬರೆದರು. ಹುಳುಗಳು ಕೆಸರಿನಿಂದ, ಕೊಳೆಯಿಂದ ಹುಟ್ಟುತ್ತವೆ ಎಂದು ಬಹಳ ಜನ ನಂಬಿದ್ದ ಕಾಲ ಅದು.

ಇನ್ನು ಬಿಡುವಿನ ಕೆಲಸದ ಮಾತು. ಇದನ್ನು ಮಾತ್ರ ನಾನು ಒಪ್ಪೋದಿಲ್ಲ. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಮೆರಿಯನ್, ಹೂವಿನ ಚಿತ್ರಗಾರರಾಗಿದ್ದ ಮಲತಂದೆಯ ಹತ್ತಿರ ಕಲಿತರು. 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ ನೋಡತೊಡಗಿದರು. ಮದುವೆಯಾಗಿ ನ್ಯೂರೆಂಬರ್ಗ್‌ಗೆ ಬಂದರೆ, ಅಲ್ಲಿ ತೈಲವರ್ಣ ಗಂಡಸರ ಸೊತ್ತು. ಹೆಂಗಸರಿಗೆ ಉಳಿದದ್ದು ಜಲವರ್ಣ. ಅದನ್ನೇ ಹದ ಮಾಡಿದ ಕರುವಿನ ಚರ್ಮದ ಮೇಲೆ ಬಳಸಿದರು. ಚರ್ಮ ಕಾಗದದ ಹಾಗೆ ಬಣ್ಣ ಹೀರುವುದಿಲ್ಲ, ಬಣ್ಣ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಸಣ್ಣ ಕುಂಚದಿಂದ ಗೆರೆಗೆ ಗೆರೆ ಸೇರಿಸುತ್ತಾ ಹೋಗಬೇಕು. ಅನಾನಸ್‌ನ ಮುಳ್ಳೆಲೆಗಳನ್ನೊಮ್ಮೆ ಹತ್ತಿರದಿಂದ ನೋಡಿ, ಆ ತಾಳ್ಮೆ ಕಾಣುತ್ತದೆ.

1699ರಲ್ಲಿ, 52ರ ಹರೆಯದಲ್ಲಿ, ತಮ್ಮ ಚಿತ್ರಗಳನ್ನು ಮಾರಿ ದುಡ್ಡು ಹೊಂದಿಸಿ, ಕಿರಿ ಮಗಳು ಡೊರೊಥಿಯಾಳನ್ನು ಕರೆದುಕೊಂಡು ಸುರಿನಾಮ್‌ಗೆ ಹಡಗು ಹತ್ತಿದರು. ಕಾಯಿಲೆ ಬಿದ್ದು 1701ರಲ್ಲಿ ವಾಪಸಾದರು. 1705ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 60 ಚಿತ್ರಗಳ ಪುಸ್ತಕ ಹೊರಬಂತು. ತಿನ್ನುವ ಹಣ್ಣುಗಳಲ್ಲೆಲ್ಲ ಶ್ರೇಷ್ಠ ಎಂದು ಅನಾನಸ್ ಅನ್ನೇ ಮೊದಲಿಗೆ ಇಟ್ಟರು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಅದೇ ಪುಸ್ತಕದ 45ನೇ ಚಿತ್ರ. ಅದರಲ್ಲಿರುವುದು ನಮ್ಮ ಅಂಗಳಗಳಲ್ಲೂ ಬೆಳೆಯುವ ರತ್ನಗಂಧಿ. ಕೆಂಪು, ಹಳದಿ ಹೂವು, ಪಕ್ಕದಲ್ಲಿ ಒಂದು ಹುಳು. ನೋಡೋಕೆ ಚಂದ ಅಷ್ಟೇ. ಜೊತೆಗಿನ ಬರಹ ಓದಿದರೆ ಬೇರೆಯೇ ಕಥೆ. ಸುರಿನಾಮ್‌ನಲ್ಲಿ ಡಚ್ಚರ ಕೈಯಲ್ಲಿ ಗುಲಾಮರಾಗಿ ನರಳುತ್ತಿದ್ದ ಹೆಂಗಸರು, ತಮ್ಮ ಮಕ್ಕಳೂ ಗುಲಾಮರಾಗೋದು ಬೇಡ ಎಂದು ಈ ಗಿಡದ ಬೀಜ ತಿಂದು ಗರ್ಭ ಕಳೆದುಕೊಳ್ಳುತ್ತಿದ್ದರು. ಅವರೇ ತನಗೆ ಹೇಳಿದ್ದು ಎಂದು ಮೆರಿಯನ್ ಬರೆದಿದ್ದಾರೆ. ಆ ಹೆಂಗಸರ ಹೆಸರು ಪುಸ್ತಕದಲ್ಲಿಲ್ಲ. ಮಾತು ಮಾತ್ರ ಉಳಿಯಿತು, ಅದೂ ಒಂದು ಹೂವಿನ ಚಿತ್ರದ ಪಕ್ಕದಲ್ಲಿ.

ಬರುವ ಸಂಚಿಕೆಯ ನಡುಪುಟದಲ್ಲಿ ಆ ರತ್ನಗಂಧಿಯನ್ನು ಪೂರ್ತಿ ಅಳತೆಯಲ್ಲಿ ಹಾಕುತ್ತಿದ್ದೇವೆ, ಬರಹದ ಕನ್ನಡ ರೂಪದ ಸಮೇತ. ನೋಡಿ, ಏನನ್ನಿಸಿತು ಅಂತ ಮತ್ತೆ ಬರೆಯಿರಿ.